ಮುಂಬಾಗಿಲಿಗೆ ವಾರ್ನಿಶ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ಹಳೆಯ ಮನೆ, ಮುಂಬಾಗಿಲು ಹಲಸಿನ ಮರದ್ದು. ದೀಪಾವಳಿಗೆ ಹೊಡೆಸಿದ ವಾರ್ನಿಶ್ ಮರುವರ್ಷದ ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಪೇಂಟ್ ಹೊಡೆದರೆ ಮರದ ಚಂದ ಮುಚ್ಚಿಹೋಗುತ್ತದೆಂದು ಹಿರಿಯರು ಒಪ್ಪುತ್ತಿಲ್ಲ. ಏನು ಮಾಡಬಹುದು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಾರ್ನಿಶ್ ಮತ್ತು ಎನಾಮಲ್ ಪೇಂಟ್ ಎರಡರಲ್ಲೂ ಒಣಗಿ ಪದರವಾಗುವ ರಾಳವಿರುತ್ತದೆ, ಪೇಂಟಿನಲ್ಲಿ ಅದರ ಜೊತೆಗೆ ನುಣ್ಣಗೆ ಅರೆದ ಬಣ್ಣದ ಪುಡಿಯೂ ಸೇರಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಮರಕ್ಕೆ ತಾಗದಂತೆ ತಡೆಯುವುದು ಈ ಪುಡಿಯೇ. ಸಾಧಾರಣ ವಾರ್ನಿಶ್ ಆ ಕಿರಣಗಳನ್ನು ಒಳಬಿಡುವುದರಿಂದ, ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಟು ವಾರ್ನಿಶ್ ಪದರದ ಅಡಿಯಲ್ಲೇ ಸವೆದು, ಹಿಡಿತ ತಪ್ಪಿದ ವಾರ್ನಿಶ್ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ಎರಚಲು ನೀರು ಹೊರಬರಲು ದಾರಿಯಿಲ್ಲದೆ ಮರ ಕಪ್ಪಾಗುತ್ತದೆ.

ಹಿರಿಯರ ಮಾತನ್ನು ಮೀರಬೇಕಿಲ್ಲ. ಬಣ್ಣದ ಪುಡಿ ಬೆರೆತ, ಎಣ್ಣೆ ಆಧಾರಿತ ವುಡ್ ಸ್ಟೇನ್ ಮರದೊಳಕ್ಕೆ ಇಂಗುತ್ತದೆ, ಗೆರೆಗಳನ್ನು ಮುಚ್ಚುವುದಿಲ್ಲ. ಅದು ಏಳುವುದಕ್ಕಿಂತ ಹೆಚ್ಚಾಗಿ ಮಾಸುತ್ತದೆ. ಮಾಸಿದಾಗ ತೊಳೆದು ಒಣಗಿಸಿ ಮತ್ತೊಂದು ಕೋಟು ಕೊಟ್ಟರೆ ಸಾಕು. ಹೊರಾಂಗಣಕ್ಕೆಂದೇ ತಯಾರಾದ ಪಿಯು (ಪಾಲಿಯುರೆಥೇನ್) ಲೇಪ ಇನ್ನೊಂದು ದಾರಿ, ಆದರೆ ಅದು ಎದ್ದರೆ ಪೂರ್ತಿ ಕೆರೆಯಬೇಕು. ಬರಿಯ ಅಗಸೆ ಎಣ್ಣೆಗೆ ನಮ್ಮ ಥಂಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಮಾಡಿನ ಪಕಾಸಿಗೆ ಒಳ್ಳೆಯದು. ಮೈಗೆ ತಾಗಿದರೆ ಬೊಬ್ಬೆ ಏಳುವ ಆ ಕಪ್ಪು ಎಣ್ಣೆ ಕೈಯಾಡುವ ಬಾಗಿಲಿಗೆ ಬೇಡ.

ಯಾವುದನ್ನೇ ಹಚ್ಚಿದರೂ ಬಾಗಿಲನ್ನು ಕಳಚಿ ಕೆಳ ಅಂಚಿಗೂ ಹಚ್ಚಿಸಿ. ಅಲ್ಲಿ ಮರದ ನಾಳಗಳ ತುದಿ ತೆರೆದಿರುವುದರಿಂದ ಹೊಸ್ತಿಲ ಮೇಲಿನ ನೀರನ್ನು ಬಾಗಿಲು ಹೀರಿಕೊಳ್ಳುತ್ತದೆ, ಆದರೆ ಬಾಗಿಲು ನಿಂತಿರುವಾಗ ಆ ಜಾಗಕ್ಕೆ ಬ್ರಶ್ ಹೋಗುವುದೇ ಇಲ್ಲ. ದೀಪಾವಳಿಯ ಹೊತ್ತೂ ಸರಿಯಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಮರದ ತೇವಾಂಶ ಶೇ 15ಕ್ಕಿಂತ ಕೆಳಗಿಳಿಯಲು ಕಾಲ ಬೇಕು. ಫೆಬ್ರವರಿ, ಮಾರ್ಚ್ ಒಳ್ಳೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಪಾಲಿಶ್ ಮಾಡಿಸಿದ ತೇಗದ ಮೇಜಿನ ಮೇಲೆ ಕಾಫಿ ಲೋಟ ಇಟ್ಟಲ್ಲೆಲ್ಲ ಬಿಳಿ ಉಂಗುರ ಮೂಡುತ್ತಿದೆ.
– ಓದುಗರು, ಶಿವಮೊಗ್ಗ

ಉತ್ತರ: ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಇರಬೇಕು, ಬಿಸಿಗೂ ನೀರಿಗೂ ಅದು ಬಿಳುಚುತ್ತದೆ. ಮೇಜಿನ ಅಡಿಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ, ಅಂಟಂಟಾದರೆ ಅರಗೇ. ಉಂಗುರದ ಮೇಲೆ ಸ್ಪಿರಿಟ್ ತುಸುವೇ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ದಿನವೂ ಊಟ ಮಾಡುವ ಮೇಜಾದರೆ ಅರಗನ್ನು ಪೂರ್ತಿ ತೆಗೆಸಿ ಮೆಲಮೈನ್ ಅಥವಾ ಪಿಯು ಲೇಪ ಮಾಡಿಸಿ.