ಒಂದೇ ಮನೆ, ಎರಡು ಕಾಗದ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಡೆದ ಕ್ರಮ ಮತ್ತು ಆಡಿದ ಮಾತು ಮಾತ್ರ ಇದ್ದ ಹಾಗೆಯೇ ಇವೆ.

2023ರ ಏಪ್ರಿಲ್‌ನಲ್ಲಿ ವಿಜಯಪುರದ ನನ್ನ ಆಪ್ತಸಲಹಾ ಕೊಠಡಿಗೆ ಬಂದ ದಂಪತಿಯಲ್ಲಿ ಪತಿ ಇದೇ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಮನೆಯ ಒಬ್ಬನೇ ಮಗ. ಪತ್ನಿ ಅಮೆರಿಕದ ಪ್ರಜೆ, ತನ್ನ ಊರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು. 2022ರ ಫೆಬ್ರುವರಿಯಲ್ಲಿ, 1954ರ ವಿಶೇಷ ವಿವಾಹ ಕಾಯ್ದೆ ಹೇಳುವ 30 ದಿನಗಳ ನೋಟಿಸಿನ ಅವಧಿ ಕಳೆದ ಮೇಲೆ, ಅವರು ವಿವಾಹ ನೋಂದಣಿ ಮಾಡಿಸಿಕೊಂಡಿದ್ದರು. ಆ ಬಳಿಕ ಮನೆಯ ಅಂಗಳದಲ್ಲಿ ಹಂದರ ಹಾಕಿ ಅಕ್ಕಿಕಾಳು ಬಿದ್ದಿತ್ತು. ಪತಿಯನ್ನು ಅಮೆರಿಕಕ್ಕೆ ಕರೆದೊಯ್ಯಲು ಪತ್ನಿ ಹಾಕಿದ ಅರ್ಜಿ ಅಲ್ಲಿನ ವಲಸೆ ಇಲಾಖೆಯಲ್ಲಿತ್ತು. ಅದು ಆಗುವವರೆಗೆ ಇಬ್ಬರೂ ಇಲ್ಲೇ, ಪತಿಯ ತಂದೆತಾಯಿಯ ಜೊತೆ ಇರುವುದೆಂದು ತೀರ್ಮಾನವಾಗಿತ್ತು. ಹಾಗೆ 14 ತಿಂಗಳು ಕಳೆದಿದ್ದವು.

ಜಗಳ ಶುರುವಾದದ್ದು ರೊಟ್ಟಿಯಿಂದ. ರೊಟ್ಟಿ ಬಡಿಯಲು ತಾನೂ ಕೂಡುತ್ತೇನೆಂದು ಸೊಸೆ ಅಡುಗೆಮನೆಗೆ ಹೋದಾಗ ಅತ್ತೆ ಎಂದಿನಂತೆ ಕೈಹಿಡಿದು ಹೊರಗೆ ಕರೆತಂದು, ಕುರ್ಚಿಯ ಮೇಲೆ ಕೂರಿಸಿ, ಎಲ್ಲರಿಗಿಂತ ಮೊದಲು ತಾಟು ಇಟ್ಟರು. ಆಕೆ ಊಟ ಮಾಡದೆ ಕೋಣೆಗೆ ಹೋದಳು. ಮೂರು ದಿನ ಸರಿಯಾಗಿ ಮಾತನಾಡಲಿಲ್ಲ. ನಾಲ್ಕನೆಯ ದಿನ ಆಕೆಯ ಫೋನಿನಲ್ಲಿ ಮುಂಬೈಯಿಂದ ಹೊರಡುವ ವಿಮಾನದ ಟಿಕೆಟ್ ದರ ಹುಡುಕಿದ್ದನ್ನು ಪತಿ ನೋಡಿದ. ಒಬ್ಬರಿಗೆ ಮಾತ್ರ, ಹೋಗಲು ಮಾತ್ರ.

ಮೊದಲ ಭೇಟಿಯಲ್ಲಿ ನಾನು ಗಮನಿಸಿದ ಸಂಗತಿ ಒಂದೇ. ಆಕೆಗೆ ನಾನು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೂ ಪತಿಯೇ ಉತ್ತರ ಕೊಡುತ್ತಿದ್ದ. ಅದರಲ್ಲಿ ದಬ್ಬಾಳಿಕೆ ಕಾಣಲಿಲ್ಲ, ದಣಿವು ಕಂಡಿತು. 14 ತಿಂಗಳಿಂದ ಅಮ್ಮನ ಮಾತನ್ನು ಹೆಂಡತಿಗೂ ಹೆಂಡತಿಯ ಮಾತನ್ನು ಅಮ್ಮನಿಗೂ ದಾಟಿಸುತ್ತ, ದಾಟಿಸುವಾಗ ಎರಡೂ ಕಡೆಯ ಚೂಪನ್ನು ಸವರಿ ತೆಗೆಯುತ್ತ ಬಂದವನಿಗೆ ಮೌನ ಬಿದ್ದರೆ ತಾನೇ ತುಂಬಬೇಕೆಂಬ ಅಭ್ಯಾಸವಾಗಿಬಿಟ್ಟಿತ್ತು. ನಾನು ಆತನನ್ನು ಹೊರಗೆ ಕೂರಲು ಹೇಳಿ ಆಕೆಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ.

ಪರದೇಶದಿಂದ ಬಂದ ಸೊಸೆಯಾಗಲಿ, ಇಲ್ಲಿಂದ ಹೊರದೇಶಕ್ಕೆ ಹೋದ ನಮ್ಮ ಹೆಣ್ಣುಮಕ್ಕಳಾಗಲಿ, ನಾನು ತಪ್ಪದೆ ಕೇಳುವ ಮೂರು ಪ್ರಶ್ನೆಗಳಿವೆ: ಪಾಸ್‌ಪೋರ್ಟ್ ಯಾರ ಬಳಿ ಇದೆ, ನಿಮ್ಮ ಹೆಸರಿನಲ್ಲಿ ನೀವೇ ತೆಗೆಯಬಲ್ಲ ಹಣ ಇದೆಯೇ, ತವರಿನವರೊಡನೆ ಯಾರೂ ಕೇಳಿಸಿಕೊಳ್ಳದಂತೆ ಮಾತನಾಡಬಲ್ಲಿರಾ. ಎರಡಕ್ಕೆ ಹೌದೆಂದಳು. ಪಾಸ್‌ಪೋರ್ಟ್ ಅತ್ತೆಯ ತಿಜೋರಿಯಲ್ಲಿ, ಬಂಗಾರದ ಡಬ್ಬಿಯ ಜೊತೆ ಬೀಗದೊಳಗಿತ್ತು. ಕೇಳಿದರೆ ಅವರಿಗೆ ನೋವಾದೀತೆಂದು ಕೇಳಿರಲಿಲ್ಲ. ಕೇಳದೆ ಇದ್ದುದರಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ತನಗೆ ಮಾಡಲು ಕೆಲಸವಿಲ್ಲ, ಇರುವ ಎಂಟ್ರಿ ವೀಸಾದ ಮೇಲೆ ಹೊರಗೆ ನೌಕರಿ ಹಿಡಿಯುವಂತಿಲ್ಲ, ಒಬ್ಬಳೇ ಬಜಾರಕ್ಕೆ ಹೋದರೆ ಅತ್ತೆ ಹಿಂದೆ ಯಾರನ್ನಾದರೂ ಕಳಿಸುತ್ತಾರೆ ಎಂದಳು. ಊಟ, ನಿದ್ದೆ ಎರಡೂ ಕೆಟ್ಟಿದ್ದರಿಂದ ಆಕೆಯನ್ನು ಮನೋವೈದ್ಯರ ಬಳಿ ಕಳಿಸಿದೆ. ಔಷಧಿಯ ಅಗತ್ಯ ಸದ್ಯಕ್ಕಿಲ್ಲ, ಆದರೆ ಆರು ವಾರ ಬಿಟ್ಟು ಮತ್ತೆ ನೋಡಬೇಕೆಂದು ಅವರು ತಿಳಿಸಿದರು.

ಎರಡನೆಯ ಭೇಟಿ ಪತಿಯೊಬ್ಬನದು. ಅಲ್ಲಿ ನನಗೆ ತಿಳಿಯದಿದ್ದ ಒಂದು ಸಂಗತಿ ಹೊರಬಂತು. ಮದುವೆಯಾದ ವರ್ಷವೇ, ಹೆಂಡತಿಯ ತಂದೆಯನ್ನು ನೋಡಿಬರಲೆಂದು ಆತ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದ್ದ. ಎರಡು ನಿಮಿಷದ ಸಂದರ್ಶನದಲ್ಲಿ ನಿರಾಕರಣೆಯಾಗಿತ್ತು. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅದನ್ನು ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪೆಂದೇ ಆತ ಎದೆಯಲ್ಲಿ ಇಟ್ಟುಕೊಂಡಿದ್ದ. ಅಮೆರಿಕದ ಕಾನೂನು ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನನ್ನೂ, ಆತ ಬೇರೆ ರೀತಿ ಮನವರಿಕೆ ಮಾಡಿಕೊಡುವವರೆಗೆ, ಅಲ್ಲೇ ನೆಲೆಸಲು ಬರುವವನೆಂದೇ ಭಾವಿಸುತ್ತದೆ. ಹೆಂಡತಿ ಅಲ್ಲಿನ ಪ್ರಜೆ, ವಲಸೆಯ ಅರ್ಜಿಯೂ ಕಡತದಲ್ಲಿದೆ ಎಂದಾಗ ಆ ಭಾವನೆಯನ್ನು ತೆಗೆದುಹಾಕುವುದು ಬಹಳ ಕಷ್ಟ. ಇದನ್ನು ಬಿಡಿಸಿ ಹೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, ‘ಅಂದ್ರ ನನ್ನ ತಪ್ಪಿರಲಿಲ್ಲೇನ್ರಿ’ ಎಂದು ಕೇಳಿದ. ನಿರಾಕರಣೆಯ ಅವಮಾನವನ್ನು ಗಂಡಸರು ಹೀಗೆ ವರ್ಷಗಟ್ಟಲೆ ಹೊತ್ತು ತಿರುಗುವುದನ್ನು ನಾನು ಬೇರೆ ಪ್ರಕರಣಗಳಲ್ಲೂ ಕಂಡಿದ್ದೇನೆ. ಕಾರಣ ತಿಳಿಸುವವರು ಯಾರೂ ಇರುವುದಿಲ್ಲ.

ತಾಯಿಯನ್ನು ಒಬ್ಬರೇ ಬರಲು ಕೇಳಿಕೊಂಡೆ. ಅವರು ಬಂದರು, ಶೇಂಗಾ ಹೋಳಿಗೆ ಕಟ್ಟಿಕೊಂಡು. ಸೊಸೆಯ ಬಗ್ಗೆ ಒಂದು ಕೆಟ್ಟ ಮಾತೂ ಅವರ ಬಾಯಿಂದ ಬರಲಿಲ್ಲ. ‘ಅಕಿ ಅಷ್ಟು ದೂರದಿಂದ ಬಂದಾಳ್ರಿ ಅಕ್ಕಾವ್ರ. ಹೊಗಿಯಾಗ ಒಲಿ ಮುಂದ ಕೂಡ್ರಸಿದ್ರ ಅವರಪ್ಪ-ಅವ್ವ ನನಗೇನಂದಾರು?’ ಎಂದರು. ಪಾಸ್‌ಪೋರ್ಟಿನ ಮಾತು ತೆಗೆದಾಗ, ಕಳೆದರೆ ಸೊಸೆಗೆ ತೊಂದರೆಯಾಗುತ್ತದೆಂದು ಮಗನೇ ಒಮ್ಮೆ ಹೇಳಿದ್ದರಿಂದ ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದೇನೆ ಎಂದರು. ಆಮೇಲೆ, ಎದ್ದು ಹೊರಡುವ ಮುಂಚೆ, ಅವರು ಕೇಳಿದ ಪ್ರಶ್ನೆಯಿಂದ ಇಡೀ ಪ್ರಕರಣ ನನಗೆ ಬೇರೆಯಾಗಿ ಕಂಡಿತು: ‘ಎರಡು ಯುಗಾದಿ ಆತು, ಕಾಗದ ಬರಬೇಕು, ಕಾಗದ ಬರಬೇಕು ಅಂತಾನ್ರಿ ಮಗ. ಆ ಕಾಗದ ಬಂದ್ರ ಅಕಿ ಖಾಯಂ ಇಲ್ಲೇ ಇರಾಕ ಬರತೈತಲ್ರಿ?’

ಮನೆಯಲ್ಲಿ ಕಾಗದವೆಂಬ ಒಂದೇ ಮಾತಿಗೆ ಎರಡು ಅರ್ಥಗಳಿದ್ದವು. ಪ್ರವಾಸಿ ವೀಸಾದಲ್ಲಿ ಬಂದಿದ್ದ ಸೊಸೆ ಮದುವೆಯ ನಂತರ ಎಂಟ್ರಿ ವೀಸಾಕ್ಕೆ ಬದಲಾಗಲು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಅರ್ಜಿ ಹಾಕಿದ್ದಳು. ಆಗ ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋಗಿದ್ದರು, ಓಣಿಯವರೆಲ್ಲ ನೋಡಿದ್ದರು. ತಾಯಿಯ ತಿಳಿವಳಿಕೆಯಲ್ಲಿ ಕಾಗದವೆಂದರೆ ಅದು: ಸೊಸೆ ವಿಜಯಪುರದಲ್ಲಿ ಉಳಿಯಲು ಸರ್ಕಾರದ ಅಪ್ಪಣೆ. ಮಗ ದಾರಿ ನೋಡುತ್ತಿದ್ದದ್ದು ತಾನು ಊರು ಬಿಡಲು ಬೇಕಾದ, ಹೆಂಡತಿ ಅಮೆರಿಕದ ವಲಸೆ ಇಲಾಖೆಗೆ ಹಾಕಿದ್ದ ಐ-130 ಎಂಬ ಅರ್ಜಿಯ ಮಂಜೂರಾತಿಯನ್ನು. ತಾಯಿಯ ತಪ್ಪು ತಿಳಿವಳಿಕೆ ಆತನಿಗೆ ಮೊದಲಿನಿಂದ ಗೊತ್ತಿತ್ತು, ತಿದ್ದಿರಲಿಲ್ಲ. ಹೋಗುವುದು ನಿಶ್ಚಯವಾದ ಮೇಲೆ ಹೇಳಿದರಾಯಿತು, ಸುಮ್ಮನೆ ಈಗಲೇ ಯಾಕೆ ಅಳಿಸುವುದು ಎಂಬುದು ಆತನ ಲೆಕ್ಕ. ಹೆಂಡತಿಯೋ, ಅತ್ತೆಗೆ ಎಲ್ಲ ತಿಳಿದಿದೆ, ತಿಳಿದೇ ತನ್ನನ್ನು ಹೋಗುವವಳಂತೆ, ಅತಿಥಿಯಂತೆ ದೂರ ಇಟ್ಟಿದ್ದಾರೆ ಎಂದುಕೊಂಡಿದ್ದಳು. ಅತ್ತೆಗೆ ಆಕೆ ಇನ್ನೂ ಹೊಸದಾಗಿ ಬಂದವಳು, ಖಾಯಂ ಆದ ಮೇಲೆ ಒಲೆಯ ಮುಂದೆ ಹೇಗೂ ಕೂಡುವವಳು.

ತಾಯಿಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಸುಳ್ಳು ಹೇಳುವಂತಿರಲಿಲ್ಲ, ಮಗನ ಗುಟ್ಟನ್ನು ಬಿಚ್ಚುವ ಹಕ್ಕೂ ನನಗಿರಲಿಲ್ಲ. ‘ಇದನ್ನ ನಿಮ್ಮ ಮಗನ ಬಾಯಿಲೆ ಕೇಳ್ರಿ, ಅವರು ಹೇಳತಾರ’ ಎಂದೆ. ಅಂದು ಸಂಜೆಯೇ ಪತಿಗೆ ಫೋನ್ ಮಾಡಿ, ಒಂದು ವಾರದೊಳಗೆ ಹೇಳಬೇಕೆಂದೂ, ಹೇಳುವುದನ್ನು ನನ್ನ ಕೊಠಡಿಯಲ್ಲಿ ಅಲ್ಲ, ಮನೆಯಲ್ಲಿ, ತಂದೆತಾಯಿ ಇಬ್ಬರ ಎದುರು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕೆಂದೂ ತಿಳಿಸಿದೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೇಳಿದ್ದಕ್ಕೆ ಕಾರಣವಿದೆ. ಮಗನನ್ನು ಸೊಸೆ ಕರೆದೊಯ್ಯುತ್ತಿದ್ದಾಳೆ ಎಂಬ ಮಾತು ಓಣಿಯಲ್ಲಿ ಬಹಳ ಬೇಗ ಹುಟ್ಟುತ್ತದೆ. ತಾನೇ ಹೋಗಬಯಸಿದ್ದೇನೆ ಎಂದು ಆತ ಆಕೆಯ ಎದುರೇ ಹೇಳದಿದ್ದರೆ ಆ ಭಾರ ಕೊನೆಯವರೆಗೂ ಆಕೆಯ ಮೇಲೆಯೇ ಬೀಳುತ್ತಿತ್ತು.

ಆತ ಹೇಳಿದ. ತಾಯಿ ಎರಡು ದಿನ ಉಣ್ಣಲಿಲ್ಲ. ತಂದೆ ತೋಟಕ್ಕೆ ಹೋಗಿ ಅಲ್ಲೇ ಮಲಗಿದರು. ಇದು ನಿರೀಕ್ಷಿತವೇ ಆಗಿತ್ತು. ಆ ದಿನಗಳಲ್ಲಿ ಯಾರನ್ನೂ ಸಮಾಧಾನ ಮಾಡಲು ಹೋಗಬೇಡಿ, ಜೊತೆಗೆ ಮಾತ್ರ ಇರಿ ಎಂದು ದಂಪತಿಗೆ ಮೊದಲೇ ಹೇಳಿದ್ದೆ. ಮೂರನೆಯ ದಿನ ತಾಯಿ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ಸೊಸೆಯ ಕೈಗಿಟ್ಟರು. ಸಿಟ್ಟಿನಿಂದ ಕೊಟ್ಟರೋ ಪ್ರೀತಿಯಿಂದ ಕೊಟ್ಟರೋ ತನಗೆ ತಿಳಿಯಲಿಲ್ಲ ಎಂದು ಸೊಸೆ ನನಗೆ ಹೇಳಿದಳು. ಅವರಿಗೂ ತಿಳಿದಿರಲಿಕ್ಕಿಲ್ಲ.

ಮುಂದಿನ ತಿಂಗಳುಗಳಲ್ಲಿ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದವನ್ನಷ್ಟೇ ಬರೆಯುತ್ತೇನೆ. ದಿನಕ್ಕೆ ಹತ್ತಾರು ಸಲ ಅರ್ಜಿಯ ಸ್ಥಿತಿ ನೋಡುತ್ತಿದ್ದ ಇಬ್ಬರಿಗೂ ಸೋಮವಾರ ಬೆಳಿಗ್ಗೆ, ಜೊತೆಯಾಗಿ, ಒಮ್ಮೆ ಮಾತ್ರ ನೋಡಬೇಕೆಂದು ನಿಗದಿ ಮಾಡಿದೆ. ಬೆಳಗಿನ ರೊಟ್ಟಿಯ ಹೊತ್ತಿನಲ್ಲಿ ಪತಿ ಮನೆಯಲ್ಲಿರಕೂಡದು, ಅತ್ತೆಸೊಸೆ ತಮಗೆ ಬಂದ ಭಾಷೆಯಲ್ಲೇ ಮಾತನಾಡಿಕೊಳ್ಳಲಿ ಎಂದೆ. ಮೊದಲ ವಾರ ಸೊಸೆ ಬಡಿದ ರೊಟ್ಟಿಗಳು ಹರಿದುಹೋದವು. ತಿಂಗಳೊಳಗೆ ಆಕೆ ‘ಇನ್ನೊಂಚೂರು ನೀರು ಹಾಕ್ರಿ ಅತ್ತಿ’ ಎನ್ನಲು ಕಲಿತಿದ್ದಳು.

ಕಾನೂನಿನ ಸಲಹೆ ನನ್ನ ಕೆಲಸವಲ್ಲ, ಅದಕ್ಕೆ ವಲಸೆ ವಕೀಲರ ಬಳಿ ಕಳಿಸಿದೆ. ಆದರೆ ಪ್ರಕ್ರಿಯೆಯ ಕ್ರಮವನ್ನು ಆಪ್ತಸಲಹೆಗಾರರು ತಿಳಿದಿರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಗಲಿಕೆ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಪತ್ನಿ ಸಲ್ಲಿಸಬೇಕಾದ ಐ-864 ಎಂಬ ಹೊಣೆಪತ್ರಕ್ಕೆ, ಅಲ್ಲಿನ ಬಡತನ ಮಾನದಂಡದ ಕನಿಷ್ಠ ಶೇ. 125ರಷ್ಟು ಆದಾಯ ತೋರಿಸಬೇಕು ಅಥವಾ ಜೊತೆಗೆ ಇನ್ನೊಬ್ಬ ಹೊಣೆಗಾರರನ್ನು ನಿಲ್ಲಿಸಬೇಕು. ಇದಲ್ಲದೆ ಆಕೆಯ ನೆಲೆ ಅಮೆರಿಕದಲ್ಲಿದೆ, ಅಥವಾ ಪತಿ ಅಲ್ಲಿಗೆ ಬರುವ ಹೊತ್ತಿಗೆ ಅಲ್ಲಿ ಮತ್ತೆ ನೆಲೆಸುತ್ತಾಳೆ ಎಂಬುದಕ್ಕೆ ಆಧಾರ ಬೇಕು. ಎರಡು ವರ್ಷ ವಿಜಯಪುರದಲ್ಲಿ ಇದ್ದವಳಿಗೆ ಅದು ಸುಲಭವಲ್ಲ. ಹೊರದೇಶದಲ್ಲಿದ್ದ ಮಾತ್ರಕ್ಕೆ ತೆರಿಗೆ ವಿವರ ಸಲ್ಲಿಸುವ ಹೊಣೆ ತಪ್ಪುವುದಿಲ್ಲವೆಂಬುದೂ ಆಕೆಗೆ ಆಗಲೇ ತಿಳಿದದ್ದು. ಹಾಗಾಗಿ ಐ-130 ಮಂಜೂರಾದ ಮೇಲೆ ಆಕೆ ಮೊದಲು ಹೋಗಿ ಕೆಲಸ ಹಿಡಿದು ಮನೆ ಮಾಡುವುದು, ಪತಿ ಮುಂಬೈಯ ಸಂದರ್ಶನ ಮುಗಿಸಿ ಹಿಂದಿನಿಂದ ಹೋಗುವುದು ಎಂದು ಅವರೇ ತೀರ್ಮಾನಿಸಿದರು. ತಿಂಗಳುಗಟ್ಟಲೆ ಅಗಲಿರಬೇಕಾದೀತೆಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಮನೆಯನ್ನು ಅಣಿಮಾಡಬಹುದು. ಹಠಾತ್ತಾಗಿ ಬಂದರೆ ಅತ್ತೆಮಾವಂದಿರ ಕಣ್ಣಿಗೆ ಅದು ಸೊಸೆ ಬಿಟ್ಟುಹೋದಂತೆಯೇ ಕಾಣುತ್ತದೆ.

ವಿಳಂಬದಿಂದ ಆದ ಒಂದು ಅನುಕೂಲವನ್ನೂ ಅವರಿಗೆ ತೋರಿಸಿದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಮೆರಿಕ ಪ್ರವೇಶಿಸಿದರೆ ಎರಡು ವರ್ಷದ ಷರತ್ತಿನ ನಿವಾಸ ಮಾತ್ರ ಸಿಗುತ್ತದೆ, ಮುಗಿಯುವ ಮುನ್ನ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. ತುಂಬಿದ ಮೇಲೆ ಹೋದರೆ ಆ ಷರತ್ತಿಲ್ಲ. ನೋಂದಾಯಿತ ಮದುವೆ ಎರಡು ವರ್ಷ ಪೂರೈಸಿದ ಮೇಲೆ ಸೊಸೆಯೂ ಭಾರತದ ಸಾಗರೋತ್ತರ ನಾಗರಿಕಳಾಗಿ, ಅಂದರೆ ಒಸಿಐ ಚೀಟಿಗೆ, ಅರ್ಜಿ ಹಾಕಬಹುದು. ಅದು ಸಿಕ್ಕರೆ ಆಯುಷ್ಯಪೂರ್ತಿ ಯಾವಾಗ ಬೇಕಾದರೂ ಬಂದು ಎಷ್ಟು ದಿನವಾದರೂ ಇರಬಹುದು. ಇದನ್ನು ತಾಯಿಗೆ ಹೇಳಿದಾಗ ಅವರು, ‘ಹಂಗಾರ ನಾ ಅಂದಕೊಂಡ ಕಾಗದಾನೂ ಐತಿ’ ಎಂದರು.

ಐ-130 2023ರ ಸೆಪ್ಟೆಂಬರ್‌ನಲ್ಲಿ ಮಂಜೂರಾಯಿತು. 2024ರ ಏಪ್ರಿಲ್‌ನಲ್ಲಿ ಸೊಸೆ ಹೊರಟಳು; ಜುಲೈನಲ್ಲಿ ಪತಿಗೆ ವೀಸಾ ಸಿಕ್ಕಿತು. ಆಗ ಕೊನೆಯ ತೊಡಕು ಎದ್ದಿತು. ಅಕ್ಟೋಬರಿನ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿಯುವವರೆಗಾದರೂ ಮಗ ಇರಲಿ, ಆಮೇಲೆ ತೋಟವನ್ನು ಲಾವಣಿಗೆ (ಗುತ್ತಿಗೆಗೆ) ಕೊಡುತ್ತೇನೆ ಎಂದು, ಅಷ್ಟು ದಿನ ಮಾತೇ ಆಡದಿದ್ದ ತಂದೆ ಕೇಳಿದರು. ಅತ್ತ ಹೆಂಡತಿ ಒಬ್ಬಳೇ ದಿನ ಎಣಿಸುತ್ತಿದ್ದಳು. ವಲಸೆ ವೀಸಾ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯಿಂದ 6 ತಿಂಗಳವರೆಗೆ ಚಾಲ್ತಿಯಲ್ಲಿರುವುದರಿಂದ ಕಾನೂನಿನ ಅಡ್ಡಿಯಿರಲಿಲ್ಲ. ಪತಿ ಎಂದಿನಂತೆ ಇಬ್ಬರಿಗೂ ಬೇರೆ ಬೇರೆ ಸಮಾಧಾನ ಹೇಳಲು ಹೊರಟಾಗ ನಾನು ತಡೆದೆ: ನಾಲ್ವರೂ ಒಂದೇ ವಿಡಿಯೊ ಕರೆಯಲ್ಲಿ ಕೂತು ಮಾತನಾಡಲಿ, ನೀವು ಇದ್ದದ್ದನ್ನು ಇದ್ದ ಹಾಗೆ ದಾಟಿಸಿ ಎಂದೆ. ಒಂದು ಗಂಟೆ ಮಾತು ನಡೆಯಿತಂತೆ. ಮಾವ ತೋಟದ ಲೆಕ್ಕ ಹೇಳಿದರು, ಸೊಸೆ ತಾನು ಅತ್ತದ್ದನ್ನು ಹೇಳಿದಳು. ಚಾಟ್ನಿ ಮುಗಿಯಲಿ ಎಂದು ಕೊನೆಗೆ ಆಕೆಯೇ ಒಪ್ಪಿ, ಹೊರಡುವ ದಿನವನ್ನು ತಾನೇ ಗೊತ್ತುಮಾಡಿದಳು. ನವೆಂಬರ್ ಮೊದಲ ವಾರ ಆತ ಹೋದ.

ದಂಪತಿಯ ಕಡತವನ್ನು ಮುಚ್ಚಿದ್ದೇನೆ. ತಾಯಿ ತಿಂಗಳಿಗೊಮ್ಮೆ ಬರುತ್ತಾರೆ. ಅವರದು ತೆರೆದೇ ಇದೆ.