ಕಡಲಿನಲ್ಲಿ ಯಾವ ಕರೆಂಟ್?

ಗೋಕರ್ಣದ ಕಡಲತೀರದಲ್ಲಿ ‘ಸ್ಟ್ರಾಂಗ್ ಕರೆಂಟ್’ ಎಂಬ ಎಚ್ಚರಿಕೆಯ ಫಲಕ ಕಂಡು, ನೀರಿನಡಿಯಲ್ಲಿ ವಿದ್ಯುತ್ ತಂತಿ ಇದೆಯೇ ಎಂದು ಕೇಳಿದ್ದೀರಿ. ನಗಬೇಡಿ ಎಂದೂ ಬರೆದಿದ್ದೀರಿ. ನಗುವುದಿಲ್ಲ. ಕಾರವಾರದಲ್ಲೇ ಬೆಳೆದ ನಾನೂ ಹೈಸ್ಕೂಲಿನವರೆಗೆ ಕರೆಂಟ್ ಎಂದರೆ ದೀಪ ಉರಿಸುವುದು ಎಂದಷ್ಟೇ ತಿಳಿದಿದ್ದೆ. ಇದೇ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಆದರೂ ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೆ ‘ಕರೆಂಟ್ ಹೋಯಿತು’ ಎಂದು ಮೇಣದಬತ್ತಿ ಹುಡುಕುತ್ತೇವೆ. ಇಂಗ್ಲಿಷ್ ಮನೆಮಾತಿನವರು ಅಲ್ಲಿ ‘ಪವರ್’ ಹೋಯಿತು ಎನ್ನುತ್ತಾರೆ.

ಫಲಕದಲ್ಲಿರುವುದು ನೀರಿನ ಸೆಳೆತ. ದಡಕ್ಕೆ ಬಂದು ಒಡೆದ ಅಲೆಗಳ ನೀರು ಇಕ್ಕಟ್ಟಾದ ಜಾಗದಲ್ಲಿ ರಭಸದಿಂದ ಕಡಲಿಗೆ ಮರಳುತ್ತದೆ. ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ, ಹಾಗಾಗಿ ಹೊಸಬರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಸಿಕ್ಕಿಕೊಂಡರೆ ದಡದತ್ತ ನೇರವಾಗಿ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಿ. ಈಜು ಬಾರದಿದ್ದರೆ ನೀರಿಗಿಳಿಯಲೇಬೇಡಿ.

ಇನ್ನು ಪದದ ವಿಷಯ. ಇದರ ಬೇರು ಲ್ಯಾಟಿನ್‌ನ ‘ಕುರ್ರೆರೆ’, ಅಂದರೆ ಓಡು. ಓಡುವ ನೀರು, ತಂತಿಯಲ್ಲಿ ಹರಿಯುವ ವಿದ್ಯುತ್, ಈಗ ನಡೆಯುತ್ತಿರುವ ಸಂಗತಿ, ಎಲ್ಲವೂ ಕರೆಂಟ್. ನನಗೆ ಖುಷಿ ಕೊಡುವುದು ನಮ್ಮ ಕನ್ನಡದ ಪದಗಳು. ಬ್ಯಾಂಕಿನ ‘ಕರೆಂಟ್ ಅಕೌಂಟ್’ ನಮಗೆ ಚಾಲ್ತಿ ಖಾತೆ, ‘ಕರೆಂಟ್ ಅಫೇರ್ಸ್’ ಪ್ರಚಲಿತ ವಿದ್ಯಮಾನ. ಚಾಲ್ತಿ, ಪ್ರಚಲಿತ ಎರಡರ ಹೊಟ್ಟೆಯಲ್ಲೂ ಚಲನೆಯೇ ಇದೆ! ವಿದ್ಯುತ್ ಪ್ರವಾಹವೆಂಬ ಪಠ್ಯಪುಸ್ತಕದ ಪದದಲ್ಲಂತೂ ನೀರೇ ಹರಿಯುತ್ತದೆ. ದಿನಪತ್ರಿಕೆಯಲ್ಲಿ ರಾಜಕೀಯದ ‘ಒಳಹರಿವು’ ಎಂದು ಓದುತ್ತೀರಲ್ಲ, ಅದು ‘ಅಂಡರ್‌ಕರೆಂಟ್’.

ಐಸ್‌ಕ್ರೀಮ್ ಅಂಗಡಿಯ ‘ಬ್ಲ್ಯಾಕ್ ಕರೆಂಟ್’ ಮಾತ್ರ ಈ ಮನೆತನದ್ದಲ್ಲ. ಅದು ಹಣ್ಣು. ಇಂಗ್ಲಿಷಿನಲ್ಲಿ ಅದರ ಕಾಗುಣಿತವೇ ಬೇರೆ. ಆ ಹೆಸರು ಗ್ರೀಸಿನ ಕೊರಿಂತ್ ಊರಿನ ಒಣದ್ರಾಕ್ಷಿಯಿಂದ ಬಂದದ್ದು.