ಅಪ್ಪನ ಹೊಟ್ಟೆ ಕ್ಯಾನ್ಸರ್ ಬಯಾಪ್ಸಿಯಲ್ಲಿ ‘ಇಬಿವಿ ಪಾಸಿಟಿವ್’, ಮನೆಯವರಿಗೆ ಅಂಟುತ್ತದಾ?

ಅಪ್ಪನ ರಿಪೋರ್ಟ್ ನೋಡಿ, ಅಂಟುತ್ತದೇನೋ ಅಂತ ಹೆದರಿ ತೀರ್ಥಹಳ್ಳಿ ಮನೆಯಲ್ಲಿ ಅವರ ತಟ್ಟೆ-ಲೋಟ ಬೇರೆ ಇಟ್ಟಿದ್ದೇವೆ ಅಂತ ಬರೆದಿದ್ದೀರಿ. ರಿಪೋರ್ಟಿನಲ್ಲಿರುವ ಇಬಿವಿ ಅಂದರೆ ಎಪ್‌ಸ್ಟೀನ್-ಬಾರ್ ವೈರಸ್. ಎಂಜಲಿನಿಂದ ಹರಡುತ್ತದೆ, ನಿಜ. ಆದರೆ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರಿಗೆ ಅದು ಮೊದಲೇ ಬಂದುಹೋಗಿ ಮೈಯಲ್ಲಿ ಸುಮ್ನೆ ಕೂತಿರುತ್ತದೆ. ನಿಮ್ಮಲ್ಲೂ ಇರಬಹುದು. ಕ್ಯಾನ್ಸರ್ ಅಂತೂ ಅಂಟುವುದಿಲ್ಲ. ಬೇರೆ ಇಟ್ಟ ತಟ್ಟೆ-ಲೋಟ ಇವತ್ತೇ ಒಟ್ಟಿಗೆ ಸೇರಿಸಿ. ಹೊಟ್ಟೆ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಸುಮಾರು ಒಂದರಲ್ಲಿ ಈ ವೈರಸ್ ಸಿಗುತ್ತದೆ. ಕೆಲವರಲ್ಲಿ ಮಾತ್ರ ಯಾಕೆ ಹೀಗಾಗುತ್ತದೆ ಅನ್ನುವುದು ಇನ್ನೂ ಪೂರ್ತಿ ತಿಳಿದಿಲ್ಲ.

ನಮ್ಮ ಮನೆಯಲ್ಲೂ ಇದೇ ರಿಪೋರ್ಟ್ ಬಂದಿತ್ತು. ಮೊದಲು ಬಯಾಪ್ಸಿ ಮಾಡಿದ ಶಿವಮೊಗ್ಗದ ಲ್ಯಾಬಿನಿಂದ ಮೇಣದ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟದ್ದು) ಕೇಳಿ ತಗೊಳ್ಳಿ. ಚಿಕ್ಕ ಪ್ಲಾಸ್ಟಿಕ್ ಬಿಲ್ಲೆ ಅಷ್ಟೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಬೆಂಗಳೂರಿನ ಆಸ್ಪತ್ರೆಗೆ ಹೋದರೆ ಮೊದಲು ಕೇಳುವುದು ಅದನ್ನೇ. ಆಮೇಲೆ ಪಿಡಿ-ಎಲ್1, ಎಂಎಂಆರ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ, ಕೆಲಸ ಮಾಡಬಹುದಾ ಅಂತ ನೋಡಲು ಗಡ್ಡೆಯ ಮೇಲೆ ಮಾಡುವ ಪರೀಕ್ಷೆಗಳಿವು. ಇಬಿವಿ ಇರುವ ಗಡ್ಡೆಗಳು ಈ ಚಿಕಿತ್ಸೆಗೆ ಚೆನ್ನಾಗಿ ಬಗ್ಗಬಹುದು. ಎಲ್ಲರಿಗೂ ಅಲ್ಲ, ಸ್ಟೇಜ್ ನೋಡಿ ಅವರೇ ಹೇಳಬೇಕು.

ನೀವು ಇಬಿವಿ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ, ಪಾಸಿಟಿವ್ ಬಂದರೂ ಮಾಡುವುದೇನಿಲ್ಲ. ಬದಲಿಗೆ ಅಪ್ಪನ ಮಕ್ಕಳೆಲ್ಲ ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ಮಲಪರೀಕ್ಷೆ ಮಾಡಿಸಿ. ಹೊಟ್ಟೆ ಕ್ಯಾನ್ಸರಿಗೆ ದೊಡ್ಡ ಕಾರಣ ಅದೇ, ಮಾತ್ರೆಯಲ್ಲಿ ಹೋಗುತ್ತದೆ ಕೂಡ. ಪ್ಯಾಂಟೊಪ್ರಜೋಲ್ (ಆಸಿಡಿಟಿ ಮಾತ್ರೆ) ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ ಪರೀಕ್ಷೆಗೆ 2 ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು.